ಹಿಟ್ಟು ತಿಗಣೆಗೆ ನಾನು ಬರೆದ ರಿಪೋರ್ಟು

ಕೋವಿಡ್ ಮುಗಿದು ಮಹಾಪೆಯ ಐಟಿ ಕಚೇರಿಗಳು ಮತ್ತೆ ತುಂಬಿಕೊಂಡ ವರ್ಷ ಅದು. ನಾನು ಠಾಣೆಯ ಒಂದು ಗಿಡ ಬಾಡಿಗೆ ಸಂಸ್ಥೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಕಚೇರಿಯೊಳಗೆ ಕುಂಡಗಳನ್ನಿಟ್ಟು, ತಿಂಗಳಿಗೊಮ್ಮೆ ಅವನ್ನು ನರ್ಸರಿಗೆ ತಂದು ಬಿಸಿಲು ಕಾಣಿಸಿ, ಬದಲಿಗೆ ಬೇರೆ ಇಡುವುದು ನಮ್ಮ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದೆ. ನನ್ನ ಬಾಯಿ ಜೋರು ಎಂದು ಎಲ್ಲರಿಗೂ ಗೊತ್ತು. ಬೇಕಾದ ಒಂದು ದಿನ ಮಾತ್ರ ಅದು ತೆರೆಯಲಿಲ್ಲ.

ಮಹಾಪೆಯ ಒಂದು ಕಚೇರಿಯ ಮೂರು ಮಹಡಿಗಳಲ್ಲಿ ನಮ್ಮ ಇನ್ನೂರ ನಲವತ್ತು ಕುಂಡಗಳಿದ್ದವು. ನೋಡಿಕೊಳ್ಳುತ್ತಿದ್ದವಳು ವಿಜಯಪುರ ಕಡೆಯ ಭೀಮವ್ವ. ಗಂಡ ತೀರಿದ ಮೇಲೆ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತವಳಿಗೆ ಇದು ಜೀವನದ ಮೊದಲ ‘ಕಾರ್ಡಿನ ಕೆಲಸ’. ಕೊರಳಲ್ಲಿ ಗುರುತಿನ ಕಾರ್ಡು, ನೆರಳಲ್ಲಿ ದುಡಿಮೆ. ಡೊಂಬಿವಲಿಯಿಂದ ಬರುವಾಗ ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲೂ ಆ ಕಾರ್ಡನ್ನು ಸೆರಗಿನ ಮೇಲೆ ಕಾಣುವಂತೆಯೇ ಹಾಕಿಕೊಳ್ಳುತ್ತಿದ್ದಳು. ಕೆಲಸ ತುಸು ನಿಧಾನ. ಪ್ರತಿ ಎಲೆಯನ್ನೂ ಮಗುಚಿ ನೋಡುವಳು. “ಏನು ಭೀಮವ್ವ, ಎಲೆಗಳ ಜಾತಕ ನೋಡ್ತಾ ಇದ್ದೀಯಾ?” ಎಂದು ನಾನು ರೇಗುತ್ತಿದ್ದೆ. ಅವಳು ನಗುತ್ತಿದ್ದಳು.

ಆ ಕಚೇರಿಯವರು ನಾಲ್ಕನೇ ಮಹಡಿಯನ್ನೂ ತೆಗೆದುಕೊಂಡು ದಸರೆಯ ದಿನ ಪೂಜೆ ಇಟ್ಟುಕೊಂಡರು. ಬಣ್ಣದೆಲೆಯ ಅಗ್ಲೋನಿಮಾ ಗಿಡ ಹೊಸದಾಗಿ ಅರವತ್ತು ಬೇಕೆಂದರು. ಹೊಸ ಗಿಡ ಬಂದರೆ ಎರಡು ವಾರ ದೂರವಿಟ್ಟು ಕೀಟ ಇದೆಯೇ ಎಂದು ನೋಡಬೇಕು. ಕ್ವಾರಂಟೈನ್ ಎಂಬ ಪದವನ್ನು ಈಗ ಯಾರಿಗೂ ವಿವರಿಸಬೇಕಿಲ್ಲ. ಆದರೆ ಗಿಡಗಳು ಬಂದದ್ದೇ ಪೂಜೆಯ ಹಿಂದಿನ ದಿನ. ನಮ್ಮ ಮಾಲಕ ಸದಾನಂದಣ್ಣ ಉಡುಪಿ ಕಡೆಯವರು. ಫೋನು ಮಾಡಿದರೆ, “ಎರಡು ವಾರ ಎಲ್ಲಿಂದ ತರುವುದು ಮಾರಾಯ್ತಿ? ಮುಹೂರ್ತ ನಮಗೆ ಕಾಯ್ತದಾ? ಸೀದಾ ಒಳಗೆ ಇಡಿಸು” ಎಂದರು. ಗೇಟ್ ಪಾಸಿಗೆ ಸಹಿ ಹಾಕಿದವಳು ನಾನು.

ಟೆಂಪೋದಿಂದ ಇಳಿಸುವಾಗಲೇ ಭೀಮವ್ವ ಕೂಗಿದಳು. “ಅಕ್ಕಾರ, ಎಲಿ ಬುಡದಾಗ ಬೆಳ್ಳಗ ಹತ್ತಿ ಹಂಗ ಐತಿ ನೋಡ್ರಿ. ಇವನ್ನ ಒಳಗ ಒಯ್ಯೂದು ಬ್ಯಾಡ.”

“ಧೂಳು ಅದು. ಒರೆಸಿಬಿಡು,” ಎಂದೆ.

ಅದು ಧೂಳಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಟ್ಟು ತಿಗಣೆ, ಮೀಲಿಬಗ್. ಮೈಗೆಲ್ಲ ಮೇಣದ ಪುಡಿ ಮೆತ್ತಿಕೊಂಡು ಎಲೆಯ ಸಂದಿಯಲ್ಲಿ ಕೂತು ರಸ ಹೀರುತ್ತದೆ. ಮರಿಗಳು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ತಾಗಿಕೊಂಡ ಎಲೆಗಳ ಮೇಲೆ ನಡೆದೇ ಪಕ್ಕದ ಗಿಡ ಸೇರುತ್ತವೆ. ಬೇಗ ಸಿಕ್ಕರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಬೇವಿನೆಣ್ಣೆ ಬೆರೆಸಿದ ಸೋಪಿನ ನೀರನ್ನು ವಾರಕ್ಕೊಮ್ಮೆಯಂತೆ ಮೂರ್ನಾಲ್ಕು ಸಲ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಆ ಎಸಿ ಕಚೇರಿಯಲ್ಲಿ ವಾಸನೆಯೆಂದು ಸಿಂಪಡಣೆಗೇ ಅನುಮತಿ ಇರಲಿಲ್ಲ. ಸಾಲದ್ದಕ್ಕೆ, ಫೋಟೋ ಚೆನ್ನಾಗಿ ಬರಲೆಂದು ಹಳೆಯ ಕುಂಡಗಳನ್ನೂ ಹೊಸವನ್ನೂ ಒತ್ತೊತ್ತಾಗಿ ಜೋಡಿಸಿ, ಪೂಜೆ ಮುಗಿದ ಮೇಲೆ ಎಲ್ಲ ಮಹಡಿಗಳಿಗೂ ಹಂಚಿದೆವು.

ಆರು ವಾರಕ್ಕೆ ನಾಲ್ಕೂ ಮಹಡಿ ಹಾಳಾಯಿತು. ಎಲೆಗಳೆಲ್ಲ ಅಂಟು, ಅಂಟಿಗೆ ಇರುವೆ, ಇರುವೆ ಕಂಪ್ಯೂಟರಿನ ಕೀಲಿಮಣೆಗೂ ಹತ್ತಿತು. ಕಚೇರಿಯ ಅಡ್ಮಿನ್ ಮ್ಯಾನೇಜರ್ ನನ್ನನ್ನು ಕರೆಸಿ, “ಮೇಡಂ, ರಿಪೋರ್ಟ್ ಮೇ ರೀಸನ್ ಚಾಹಿಯೆ. ಔರ್ ನಾಮ್ ಭೀ” ಎಂದ. ಕಾರಣವೂ ಬೇಕು, ಒಂದು ಹೆಸರೂ ಬೇಕು.

ಸದಾನಂದಣ್ಣ ಹೆಸರು ರೆಡಿ ಇಟ್ಟುಕೊಂಡಿದ್ದರು. “ಭೀಮವ್ವ ಒಂದೇ ಬಟ್ಟೆಯಲ್ಲಿ ಎಲ್ಲ ಗಿಡ ಒರೆಸಿ ಕೀಟ ಹರಡಿಸಿದಳು ಅಂತ ಬರೆ. ಕಾಂಟ್ರಾಕ್ಟ್ ಹೋದರೆ ನೀನೂ ಇಲ್ಲ, ನಾನೂ ಇಲ್ಲ.”

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹೆದರಿದೆ. ಥೂ, ಎಂಥ ಹೆದರಿಕೆ ಅದು! ಬರೆದು ಸಹಿ ಹಾಕಿದೆ. ಕಾಂಟ್ರಾಕ್ಟ್ ಉಳಿಯಿತು, ಭೀಮವ್ವನನ್ನು ತೆಗೆದರು.

ಸಮವಸ್ತ್ರ ಒಪ್ಪಿಸಲು ಅವಳು ಠಾಣೆಯ ಕಚೇರಿಗೆ ಬಂದಳು. “ನಂದೇನ್ ತಪ್ಪಾತ್ರಿ ಅಕ್ಕಾರ?” ಎಂದಳು. ಒಂದೇ ಬಟ್ಟೆ ಬಳಸಿದ್ದಕ್ಕೆ ಎಂದು ನೆಲ ನೋಡುತ್ತ ಹೇಳಿದೆ. ಅವಳು ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದಳು. ಹಳೆಯ ಸೀರೆ ಹರಿದು ಮಾಡಿದ ತುಂಡುಗಳು. ಒಗೆದು ಮಡಿಸಿದ್ದವು, ಅಂಚಿಗೆ ಬೇರೆ ಬೇರೆ ಬಣ್ಣದ ದಾರದ ಹೊಲಿಗೆ.

“ಸಾಲಿಗೊಂದು ತುಂಡು ಮಾಡಿದ್ನಿರಿ. ಕೆಂಪು ದಾರದ್ದು ಹೊಸಾ ಗಿಡಕ್ಕಷ್ಟ. ಕೆಲಸಕ್ಕ ಸೇರಿದ ದಿನ ನೀವ ಹೇಳಿಕೊಟ್ಟಿದ್ರಲ್ರಿ.”

ಹೌದು, ನಾನೇ ಹೇಳಿಕೊಟ್ಟಿದ್ದೆ. ರಿಪೋರ್ಟು ವಾಪಸು ತರಿಸಲು ಆಗಲೂ ಹೊತ್ತಿತ್ತು. ನಾನು ಸಮವಸ್ತ್ರ ಎಣಿಸಿ ರಿಜಿಸ್ಟರಿನಲ್ಲಿ ಬರೆದುಕೊಂಡೆ. ಅವಳು ಕೊರಳಿನ ಕಾರ್ಡು ತೆಗೆದು, ದಾರ ಸುತ್ತಿ ಮೇಜಿನ ಮೇಲಿಟ್ಟು ಹೋದಳು.

ಈಗ ನಾನು ನಿವೃತ್ತಳು. ಠಾಣೆಯ ವಸತಿ ಸೊಸೈಟಿಗಳಲ್ಲಿ ಮನೆಗಿಡದ ಬಗ್ಗೆ ಮಾತಾಡಲು ಕರೆಯುತ್ತಾರೆ. ಹೊಸ ಗಿಡ ಎರಡು ವಾರ ದೂರವಿಡಿ, ಕುಂಡಗಳ ನಡುವೆ ಜಾಗ ಬಿಡಿ, ಎಲೆಯ ಹಿಂಬದಿ ನೋಡಿ ಎನ್ನುತ್ತೇನೆ. ಎಲ್ಲರೂ ಬರೆದುಕೊಳ್ಳುತ್ತಾರೆ. ಕೀಟ ಹೇಗೆ ಬಂತೆಂದು ಹುಡುಕುವವರು ಮೊದಲು ಗೇಟ್ ಪಾಸಿನ ಸಹಿ ನೋಡಬೇಕು ಎಂಬ ಪಾಠ ಮಾತ್ರ ಅಲ್ಲಿ ಬಾಯಿಗೆ ಬರುವುದಿಲ್ಲ.

ಕಳೆದ ವರ್ಷ ಮಾಜಿವಾಡಾ ಜಂಕ್ಷನ್ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟಡ ಕೆಲಸದ ಕಡೆಯಿಂದ “ಅಕ್ಕಾರ!” ಎಂದು ಕೂಗು ಬಂತು. ಭೀಮವ್ವ. ಕಾಲ ಬಳಿ ಇಟ್ಟಿಗೆ ತುಂಬಿದ ಬುಟ್ಟಿ. ನನ್ನ ಆರೋಗ್ಯ ವಿಚಾರಿಸಿದಳು. ಆಮೇಲೆ, “ಆ ಗಿಡ ಉಳದುವೇನ್ರಿ?” ಎಂದಳು.

“ಉಳಿದವು,” ಎಂದೆ. ಮುನ್ನೂರು ಕುಂಡಗಳ ಗಿಡವನ್ನೂ ನಾನೇ ನಿಂತು ಕಿತ್ತು ಕಸದ ಲಾರಿಗೆ ಹಾಕಿಸಿದ್ದೆ.

“ಚಲೋ ಆತ್ ಬಿಡ್ರಿ,” ಎಂದು ಅವಳು ತಲೆಗೆ ಸಿಂಬೆ ಇಟ್ಟುಕೊಂಡಳು. “ಒಂಚೂರು ಕೈ ಹಚ್ಚರಿ ಅಕ್ಕಾರ.” ಬುಟ್ಟಿಯನ್ನು ಅವಳ ತಲೆಯ ಮೇಲೆ ನಾನೇ ಎತ್ತಿಟ್ಟೆ.