ದಾಕಿನ ಪುಸ್ತಕದಲ್ಲಿ ನನ್ನ ಮಗಳು

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಳ್ಳಿ ಹಳ್ಳಿ ಸುತ್ತಿ ಸಿಡುಬನ್ನು ಓಡಿಸಿದ ಧೀರ ಅಂತ ನಿವೃತ್ತಿಯ ದಿನ ಹಾರ ಹಾಕಿ ಹೊಗಳಿದರು. ನಾನು ಕತ್ತು ಬಗ್ಗಿಸಿ ಕೂತಿದ್ದೆ. ನಾಯಿಗೆ ಹೆದರುತ್ತಿದ್ದೆ, ಗುಡುಗಿಗೆ ಹೆದರುತ್ತಿದ್ದೆ, ಮೇಲಿನ ಆಫೀಸಿನಿಂದ ಟಪಾಲು ಬಂತೆಂದರೆ ಒಡೆಯುವ ಮೊದಲೇ ಬೆವರುತ್ತಿದ್ದೆ. ಆದರೂ ಆ ಒಂದು ವರ್ಷ ಹೆದರಿದ ಹಾಗೆ ಮತ್ತೆಂದೂ ಹೆದರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಅರಸೀಕೆರೆ ತಾಲ್ಲೂಕಿನಲ್ಲಿ ಸಿಡುಬಿನ ದಾಕು, ಈಗಿನವರ ಬಾಯಲ್ಲಿ ಲಸಿಕೆ, ಹಾಕುವ ಕೆಲಸ ನನ್ನದು. ಕಣಕಟ್ಟೆ ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಒಂದು ಸೈಕಲ್ಲು, ಒಂದು ಚರ್ಮದ ಚೀಲ, ಅದರೊಳಗೆ ಔಷಧಿ ತುಂಬಿದ ಸಣ್ಣ ಗಾಜಿನ ಕೊಳವೆಗಳು, ಸ್ಪಿರಿಟ್ ದೀಪ, ಸಣ್ಣ ಸಣ್ಣ ಹಲ್ಲುಗಳಿದ್ದ ಉಕ್ಕಿನ ಬಿಲ್ಲೆ. ತೋಳಿನ ಮೇಲೆ ಒಂದು ತೊಟ್ಟು ಔಷಧಿ ಇಟ್ಟು ಬಿಲ್ಲೆಯನ್ನು ಒತ್ತಿ ತಿರುಗಿಸಬೇಕು. ಮಗು ಕಿರುಚುತ್ತದೆ, ತಾಯಿ ಶಾಪ ಹಾಕುತ್ತಾಳೆ, ಅಲ್ಲಿಗೆ ಮುಗಿಯಿತು. ಇದಕ್ಕಿಂತ ಭಾರದ್ದು ಪುಸ್ತಕ. ಮಗುವಿನ ಹೆಸರು, ತಂದೆಯ ಹೆಸರು, ಊರು, ದಾಕು ಹಾಕಿದ ತಾರೀಕು, ಕೊನೆಯ ಕಾಲಮ್ಮಿನಲ್ಲಿ ಫಲ. ಏಳನೆಯ ದಿನ ಅದೇ ಮನೆಗೆ ಮತ್ತೆ ಹೋಗಿ ತೋಳಿನ ಮೇಲೆ ಗುಳ್ಳೆ ಎದ್ದಿದೆಯೇ ಅಂತ ಕಣ್ಣಾರೆ ನೋಡಬೇಕು. ಎದ್ದಿದ್ದರೆ ‘ಹತ್ತಿದೆ’ ಅಂತ ಬರೆಯಬೇಕು. ಇಲ್ಲದಿದ್ದರೆ ಇನ್ನೊಂದು ಸಲ ಹಾಕಬೇಕು.

ನನ್ನ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಹೆಂಗಸರು ಮಕ್ಕಳನ್ನು ಅಟ್ಟ ಹತ್ತಿಸುತ್ತಿದ್ದರು. ಒಮ್ಮೆ ಒಂದು ಮನೆಯಲ್ಲಿ ಮಕ್ಕಳೇ ಇಲ್ಲ ಅಂತ ಅಜ್ಜಿ ಆಣೆ ಇಡುತ್ತಿರುವಾಗಲೇ ರಾಗಿ ತುಂಬುವ ದೊಡ್ಡ ವಾಡೆಯೊಳಗಿಂದ ಸೀನು ಕೇಳಿಸಿತು. ನಾನು ನಕ್ಕೆ, ಅಜ್ಜಿಯೂ ನಕ್ಕಳು. ನಗುವುದಕ್ಕೆ ನನಗೇನು ಹಕ್ಕಿತ್ತು ಅಂತ ಈಗ ಅನ್ನಿಸುತ್ತದೆ.

ಯಾಕೆಂದರೆ ನನ್ನ ಮನೆಯ ಕಥೆಯೇ ಬೇರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇಲೂರು ತಾಲ್ಲೂಕಿನಲ್ಲಿದ್ದೆ. ಹೆಂಡತಿಯ ತವರು ಹಳೇಬೀಡು. ನಮ್ಮ ಚೊಚ್ಚಲು ಗಂಡುಮಗು ಅಲ್ಲೇ ಹುಟ್ಟಿತು. ಮೂರು ತಿಂಗಳು ತುಂಬಿದಾಗ ನಾನೇ ಹೆಮ್ಮೆಯಿಂದ ದಾಕು ಹಾಕಿದೆ. ಚೆನ್ನಾಗಿ ಹತ್ತಿತು. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವ ಹೊತ್ತಿಗೆ ವಾಂತಿಭೇದಿ ಶುರುವಾಗಿ ಎರಡೇ ದಿನದಲ್ಲಿ ಮಗು ಹೋಯಿತು. ಆ ಬೇಸಿಗೆಯಲ್ಲಿ ಅದೇ ಬೀದಿಯಲ್ಲಿ ದಾಕು ಹಾಕಿಸಿಕೊಳ್ಳದ ಮಕ್ಕಳೂ ಹೀಗೇ ಹೋಗಿವೆ, ಕುಡಿಯುವ ನೀರು ಕೆಟ್ಟಿದೆ, ದಾಕಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು. ಬುದ್ಧಿ ಒಪ್ಪಿತು. ಕರುಳು ಒಪ್ಪಲಿಲ್ಲ. ಅತ್ತೆಗೆ ಅಳಿಯನ ಮುಖ ನೋಡಿ ಮಾತಾಡುವ ರೂಢಿ ಇರಲಿಲ್ಲ. ನಡುಮನೆಯ ಕಂಬದ ಕಡೆ ತಿರುಗಿ, ಕೈಯಾರೆ ಕಳಕೊಂಡ ಹಾಗಾಯಿತು ಅಂದರು. ಎರಡು ವರ್ಷ ಹೆಂಡತಿ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆಮೇಲೆ ಅರಸೀಕೆರೆಗೆ ವರ್ಗವಾಯಿತು. ಎರಡನೆಯ ಬಾಣಂತನಕ್ಕೆ ತವರಿಗೆ ಹೋಗುವುದಿಲ್ಲ ಅಂತ ಹೆಂಡತಿ ಹಟ ಹಿಡಿದಳು. ಇಲ್ಲೇ ಹೆರಿಗೆ ಆಯಿತು, ಹೆಣ್ಣುಮಗು. ಅತ್ತೆ ಹಳೇಬೀಡಿನಿಂದ ಬಂದು ನಿಂತರು. ಮಗುವಿಗೆ ಇಪ್ಪತ್ತು ದಿನವಾಗಿದ್ದಾಗ ಆಫೀಸಿಗೆ ಹೊಸ ಸುತ್ತೋಲೆ ಬಂತು.

ಹೆಲ್ತ್ ಇನ್‌ಸ್ಪೆಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಅದನ್ನು ಕನ್ನಡದಲ್ಲಿ ಓದಿ ಹೇಳಿದರು. ಬಾಣಾವರದ ಕಡೆಯ ಒಂದು ಹಳ್ಳಿಯಲ್ಲಿ ಸಿಡುಬು ಕಾಣಿಸಿಕೊಂಡಿದೆ. ಇನ್ನು ಮೇಲೆ ಮಗುವಿಗೆ ಮೂರು ತಿಂಗಳು ತುಂಬಲಿ ಅಂತ ಕಾಯಬಾರದು, ಆಗ ಹುಟ್ಟಿದ ಕೂಸಿಗೂ ಹಾಕಬೇಕು. ಪುಸ್ತಕದಲ್ಲಿ ಬರೆದಿದೆ ಅಂತ ಯಾರನ್ನೂ ಬಿಡಬಾರದು, ತೋಳು ನೋಡಬೇಕು, ಕಲೆ ಇಲ್ಲದಿದ್ದರೆ ಮತ್ತೆ ಹಾಕಬೇಕು. ಅವರು ಓದುತ್ತಿದ್ದರೆ ನನಗೆ ಮನೆಯ ಕೂಸೇ ಕಣ್ಣಿಗೆ ಬಂತು. ಮನೆಗೆ ಬಂದು ಅಂಗಿ ಗೂಟಕ್ಕೆ ತೂಗುಹಾಕಿ ಊಟಕ್ಕೆ ಕೂತೆ. ನನಗೆ ಕೊಟ್ಟಿದ್ದ ಸುತ್ತೋಲೆಯ ಪ್ರತಿ ಅಂಗಿಯ ಜೇಬಿನಲ್ಲೇ ಉಳಿಯಿತು, ಮನೆಯಲ್ಲಿ ಹೇಳಲಿಲ್ಲ.

ನಾಲ್ಕು ದಿನದ ಮೇಲೆ ಕಣಕಟ್ಟೆಗೆ ಹೋದೆ. ತೆಂಗಿನ ತೋಟದವರ ಮನೆಯ ಸೊಸೆ ಒಂದು ತಿಂಗಳ ಹೆಣ್ಣುಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಬಚ್ಚಿಡಲಿಲ್ಲ, ಬೈಯಲಿಲ್ಲ. ನಾನು ಸುತ್ತೋಲೆಯನ್ನು ಗಿಣಿಪಾಠದಂತೆ ಒಪ್ಪಿಸಿದೆ. ಕೊನೆಯವರೆಗೂ ಕೇಳಿಸಿಕೊಂಡು, ನಿಮಗೆ ಮಕ್ಕಳಿದ್ದಾರಾ ಅಂತ ವಿಚಾರಿಸಿದಳು. ಒಂದು ಹೆಣ್ಣು, ಇನ್ನೂ ತಿಂಗಳು ತುಂಬಿಲ್ಲ ಅಂದೆ.

“ಅದಕ್ಕೆ ಹಾಕಿದ್ದೀರಾ ಸ್ವಾಮಿ?”

“ಹಾಕಿದ್ದೀನಿ ಕಣಮ್ಮ.”

ಬಾಯಿ ತಾನೇ ಆಡಿಬಿಟ್ಟಿತು. ಅವಳು ಅಷ್ಟಕ್ಕೆ ಬಿಡಲಿಲ್ಲ. ಪುಸ್ತಕದಾಗೆ ಐತಾ, ತೋರಿಸಿ ಅಂದಳು. ಅವಳಿಗೆ ಓದು ಬಾರದು. ಯಾವ ಸಾಲಿನ ಮೇಲೆ ಬೆರಳಿಟ್ಟಿದ್ದರೂ ನಡೆಯುತ್ತಿತ್ತು. ಬೇರೆಯವರ ಮಗುವಿನ ಮೇಲೆ ಬೆರಳಿಡಲು ಮಾತ್ರ ಮನಸ್ಸು ಬರಲಿಲ್ಲ, ನೋಡಿ ನನ್ನ ಪ್ರಾಮಾಣಿಕತೆ! ಹುಡುಕುತ್ತೇನೆ ಇರಮ್ಮ ಅಂದೆ. ಅವಳು ಕೂಸಿನ ಬಟ್ಟೆ ಬದಲಿಸಲು ಒಳಗೆ ಹೋದಾಗ ಹೊಸ ಸಾಲಿನಲ್ಲಿ ಬರೆದೆ. ಹೆಸರಿಟ್ಟಿಲ್ಲ, ಹೆಣ್ಣು, ತಂದೆ ನಾನು, ಅರಸೀಕೆರೆ. ತಾರೀಕು ಒಂದು ವಾರ ಹಿಂದಿನದು. ಫಲದ ಕಾಲಮ್ಮಿನಲ್ಲಿ ‘ಹತ್ತಿದೆ’. ಅವಳು ಹೊರಗೆ ಬಂದು ಬಗ್ಗಿ ಆ ಸಾಲನ್ನು ನೋಡಿದಳು, ತುಸು ಹೆಚ್ಚು ಹೊತ್ತೇ ನೋಡಿದಳು. ಆಮೇಲೆ ಕೂಸಿನ ತೋಳನ್ನು ನನ್ನ ಮುಂದೆ ಹಿಡಿದಳು. ನನ್ನ ಮಗಳ ಕೆಳಗಿನ ಸಾಲು ಅವಳ ಮಗಳದಾಯಿತು.

ಏಳನೆಯ ದಿನ ಹೋದಾಗ ಅವಳ ಕೂಸಿನ ತೋಳಿನ ಮೇಲೆ ಗುಳ್ಳೆ ದುಂಡಗೆ ಎದ್ದಿತ್ತು. ಜ್ವರ ಬಂದು ಬಿಟ್ಟಿತ್ತು. ಎರಡು ತೆಂಗಿನಕಾಯಿ ಕೊಟ್ಟು, ಸಂತೆಗೆ ಬಂದಾಗ ನಿಮ್ಮ ಮಗೀನೂ ನೋಡ್ತೀನಿ ಅಂದಳು. ಎಲ್ಲರೂ ಹಾಗೆ ಅನ್ನುತ್ತಾರೆ, ಯಾರು ಬರುತ್ತಾರೆ ಅಂದುಕೊಂಡೆ.

ಆ ವಾರವೇ ಅರಸೀಕೆರೆ ಊರೊಳಗೇ ಸಿಡುಬು ಬಂತು. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ರೈಲಿಳಿದು ಬಂದ ನೆಂಟನೊಬ್ಬ ಮಲಗಿದ. ಆ ಮನೆಯ ಸುತ್ತ ದಾಕು ಹಾಕುವ ಕೆಲಸ ನನಗೂ ಬಿತ್ತು. ಬೇವಿನ ಸೊಪ್ಪು ಸಿಕ್ಕಿಸಿದ ಆ ಬಾಗಿಲನ್ನು ದಾಟಿ ಒಳಗೆ ಹೋಗಿ ಅವನ ಮುಖ ನೋಡಿದೆ. ಆ ಮುಖ ಈಗಲೂ ಮರೆತಿಲ್ಲ. ಅಲ್ಲಿಂದ ಬಂದವನು ಹಿತ್ತಲಿನಿಂದಲೇ ಮನೆ ಸೇರಿ, ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ, ತಲೆಗೆ ನೀರು ಹಾಕಿಕೊಂಡರೂ ಕೂಸನ್ನು ಮುಟ್ಟುತ್ತಿರಲಿಲ್ಲ. ಬಾಣಂತಿಯ ಕೋಣೆಯ ಹೊಸಿಲಿನಾಚೆ ನಿಂತು ನೋಡುತ್ತಿದ್ದೆ. ಸಿಡುಬಿನ ಅಮ್ಮ ಬಂದ ಮನೆಗೆ ಹೋಗಿ ಬಂದವರು ಬಾಣಂತಿಯ ಹತ್ತಿರ ಸುಳಿಯಬಾರದು, ಅಳಿಯಂದಿರಿಗೆ ಈಗಲಾದರೂ ಮಡಿ ತಿಳಿಯಿತಲ್ಲ ಅಂತ ಅತ್ತೆ ಕಂಬಕ್ಕೆ ಹೇಳಿ, ಮಗು ಚೆನ್ನಾಗಿರಲಿ ಅಂತ ಮಾಲೇಕಲ್ಲಿನ ದೇವರಿಗೆ ಹರಕೆ ಹೊತ್ತರು.

ನನ್ನ ಉಗುರಿನಲ್ಲಿ, ಕೂದಲಿನಲ್ಲಿ, ಸೈಕಲ್ಲಿನ ಹಿಡಿಯಲ್ಲಿ ಎಲ್ಲೆಲ್ಲೂ ಅದು ಅಂಟಿಕೊಂಡಿದೆ ಅನ್ನಿಸುತ್ತಿತ್ತು. ಒಂದು ಬೆಳಿಗ್ಗೆ ಮಗುವಿನ ಹಣೆಯ ಮೇಲೆ ಕೆಂಪು ಗುಳ್ಳೆ ಕಂಡು ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ಅದು ಬರೀ ಬೆವರುಸಾಲೆ. ದಾಕು ಹಾಕದಿದ್ದರೆ ಸಿಡುಬು, ಹಾಕಿದರೆ ಹಳೇಬೀಡಿನ ಆ ಎರಡು ದಿನ. ಎರಡು ಸಲ ಚೀಲ ಹಿಡಿದು ಕೋಣೆಯ ಬಾಗಿಲಿಗೆ ಹೋಗಿ ಹಿಂದಕ್ಕೆ ಬಂದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಊರಿನ ಕೂಸುಗಳಿಗೆಲ್ಲ ಒತ್ತಿ ತಿರುಗಿಸಿದ ಈ ಕೈ ಮನೆಯ ಕೂಸಿನ ಹತ್ತಿರ ಮೇಲೇಳಲಿಲ್ಲ.

ಹೀಗೆ ಎರಡು ವಾರ ಕಳೆದ ಮೇಲೆ ಒಂದು ಸಂತೆಯ ದಿನ ಮಧ್ಯಾಹ್ನ ಕಣಕಟ್ಟೆಯ ಆ ಹೆಂಗಸು ಬಂದೇಬಿಟ್ಟಳು. ದಾಕಿನವರ ಮನೆ ಎಲ್ಲಿ ಅಂತ ಕೇಳಿಕೊಂಡು, ಕಂಕುಳಲ್ಲಿ ಕೂಸು, ತಲೆಯ ಮೇಲೆ ಕುಕ್ಕೆ. ನಾನು ಊಟ ಮುಗಿಸಿ ನಡುಮನೆಯಲ್ಲಿ ಕೂತಿದ್ದೆ. ಅವಳ ದನಿ ಕೇಳಿದ್ದೇ ಎದ್ದು ನಿಂತೆ. ಅವಳು ಕುಕ್ಕೆ ಇಳಿಸಿ, ಬಾಣಂತಿಯ ಕೋಣೆಯ ಬಾಗಿಲಲ್ಲಿ ಕೂತು, ತನ್ನ ಕೂಸಿನ ತೋಳು ಬಿಚ್ಚಿ ತೋರಿಸಿದಳು. ಹಕ್ಕಳೆ ಉದುರಿ ಕೆಂಪು ಕಲೆ ಉಳಿದಿತ್ತು. ನಿಮ್ಮ ಮಗೀದು ಎಂಗೈತೆ ತೋರ್ಸವ್ವ ಅಂದಳು. ನಮ್ಮ ಮಗುವಿಗೆ ಇನ್ನೂ ಹಾಕಿಯೇ ಇಲ್ಲವಲ್ಲ ಅಂದಳು ನನ್ನ ಹೆಂಡತಿ.

ಭೂಮಿ ಬಾಯಿ ಬಿಡಬಾರದೇ ಅಂದುಕೊಂಡೆ. ಆ ಹೆಂಗಸು ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಇನ್ನೂ ಕಷ್ಟವಾಯಿತು.

“ನಂಗೊತ್ತಿತ್ತು ಸ್ವಾಮಿ. ಅವತ್ತು ಆ ಸಾಲಿನ ಮಸಿ ಇನ್ನೂ ಹಸಿ ಇತ್ತು.”

ಮತ್ತೆ ಯಾಕಮ್ಮ ಹಾಕಿಸಿಕೊಂಡೆ ಅಂತ ಕೇಳಿದೆ.

“ನಮ್ಮಕ್ಕನ್ನ ಅಮ್ಮ ತಕ್ಕೊಂಡೋಗಿದ್ದು ನೋಡಿವ್ನಿ. ನಿಮ್ ಸುಳ್ಳು ಅದಕ್ಕಿಂತ ದೊಡ್ಡದಾ? ನನ್ ಮಗೀದು ಆಯ್ತು. ಇದು ಏನ್ ಪಾಪ ಮಾಡೈತೆ ಅಂತ ನೋಡಕ್ ಬಂದೆ.”

ಅತ್ತೆ ಕಂಬದ ಕಡೆ ತಿರುಗಲಿಲ್ಲ. ಮೊದಲ ಸಲ ನನ್ನ ಮುಖ ನೋಡಿ, ಬೇಡ, ಒಂದು ಹೋದದ್ದು ಸಾಕು, ನಿಮ್ಮ ಕಾಲು ಹಿಡಿಯುತ್ತೇನೆ ಅಂದರು. ಹೆಂಡತಿ ಮಾತ್ರ ಆ ಹೆಂಗಸಿನ ಕೂಸನ್ನು ತನ್ನ ತೊಡೆಗೆ ತೆಗೆದುಕೊಂಡು, ಕಲೆಯ ಸುತ್ತ ಬೆರಳಾಡಿಸುತ್ತಾ ಬಹಳ ಹೊತ್ತು ಕೂತಳು. ಕೂಸು ಅವಳ ಬಳೆ ಹಿಡಿದು ಎಳೆಯಿತು. ಆಮೇಲೆ ತಲೆಯೆತ್ತದೆ ಹೇಳಿದಳು.

“ಚೀಲ ತನ್ನಿ.”

ಕೈಯನ್ನು ಮೂರು ಸಲ ತೊಳೆದೆ. ದೀಪಕ್ಕೆ ಬಿಲ್ಲೆ ಹಿಡಿದು ಆರಿಸುವಾಗ ಅದು ಟಣ್ಣನೆ ಬಿದ್ದು ಮತ್ತೆ ಕಾಯಿಸಬೇಕಾಯಿತು. ಹೆಂಡತಿ ಮಗುವನ್ನು ಹಿಡಿದಳು, ಆ ಹೆಂಗಸು ತೋಳನ್ನು ಹಿಡಿದಳು, ಕಣಕಟ್ಟೆಯಲ್ಲಿ ನಾನು ಹೇಳಿಕೊಟ್ಟ ಹಾಗೆಯೇ, ಮೊಣಕೈಯ ಕೆಳಗೆ ಬೆರಳು ಕೊಟ್ಟು. ಒತ್ತಿದೆ, ತಿರುಗಿಸಿದೆ. ಮಗು ಕಿರುಚಿತು. ಅತ್ತೆ ಹಿತ್ತಲಿಗೆ ಹೋಗಿಬಿಟ್ಟಿದ್ದರು. ಆ ಹೆಂಗಸು ಕುಕ್ಕೆ ಎತ್ತಿಕೊಂಡು, ಬತ್ತೀನಿ ಕಣವ್ವ ಅಂತ ಹೆಂಡತಿಗೆ ಮಾತ್ರ ಹೇಳಿ ಹೋದಳು.

ಮರುದಿನ ಪುಸ್ತಕದಲ್ಲಿ ಆ ಸಾಲಿನ ತಾರೀಕು, ಫಲ ಎರಡನ್ನೂ ಕೆಂಪು ಮಸಿಯಲ್ಲಿ ಹೊಡೆದು ಹೊಸ ತಾರೀಕು ಬರೆದು ಸಹಿ ಹಾಕಿದೆ. ಇನ್‌ಸ್ಪೆಕ್ಟರು ಕೇಳಿದಾಗ ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡೆ. ಬೈದರು, ಮೇಲಕ್ಕೆ ಬರೆಯುತ್ತೇನೆ ಅಂದರು. ಆಗ ನನಗೆ ಅದರ ಭಯವೂ ಇರಲಿಲ್ಲ. ಇದ್ದ ಭಯವೆಲ್ಲ ಮನೆಯಲ್ಲಿತ್ತು.

ಏಳನೆಯ ದಿನ ನನಗೆ ತೋಳು ನೋಡಲು ಧೈರ್ಯ ಬರಲಿಲ್ಲ. ಹೆಂಡತಿಯೇ ನೋಡಿ, “ಹತ್ತಿದೆ ಕಣ್ರೀ” ಅಂದಳು. ಅದಕ್ಕೆ ನಾವಿಬ್ಬರೂ ಸಂತೋಷಪಡಲಿಲ್ಲ. ಹೋದ ಮಗುವಿಗೂ ಚೆನ್ನಾಗಿಯೇ ಹತ್ತಿತ್ತು. ನಮಗೆ ಇದ್ದದ್ದು ಹಕ್ಕಳೆ ಕಟ್ಟುವ ದಿನದ ಭಯ. ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ದಿನ ಎಣಿಸುತ್ತಿದ್ದೆವು. ಜ್ವರ ಬಂತು, ಇಳಿಯಿತು. ಅತ್ತೆ ನೀರನ್ನು ಮೂರು ಮೂರು ಸಲ ಕಾಯಿಸಿದರು. ಮಗು ಒಂದು ಸಲ ಹಾಲು ಕಕ್ಕಿದರೆ ಮೂವರೂ ಎದ್ದು ನಿಲ್ಲುತ್ತಿದ್ದೆವು. ನಾನು ಕೆಲಸಕ್ಕೆ ಹೋಗಿ ಬಂದು, ಬೀದಿಯ ತಿರುವಿನಲ್ಲಿ ಸೈಕಲ್ಲಿನಿಂದ ಇಳಿದು ಮನೆಯ ಕಡೆಯಿಂದ ಅಳು ಕೇಳಿಸುತ್ತದೆಯೇ ಅಂತ ಕಿವಿಗೊಟ್ಟು ಆಮೇಲೆ ಮುಂದಕ್ಕೆ ಬರುತ್ತಿದ್ದೆ.

ಆ ದಿನ ಬಂತು, ಹೋಯಿತು. ಅದರ ಮಾರನೆಯ ದಿನವೂ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಎಣ್ಣೆ ಒತ್ತುವಾಗ ಹಕ್ಕಳೆ ತಾನೇ ಕಳಚಿ ಬಿತ್ತು. ಮಗು ಮುಷ್ಟಿ ಚೀಪುತ್ತಾ ಆರಾಮವಾಗಿ ಮಲಗಿತ್ತು. ಹೆಂಡತಿ ಹಕ್ಕಳೆಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನು ಕೋಣೆಯೊಳಕ್ಕೆ ಕರೆದಳು. ಅವಳ ಕಣ್ಣು ತುಂಬಿತ್ತು.

“ಹಾಗಾದ್ರೆ ಆ ಮಗು ನಿಮ್ಮ ಕೈಯಿಂದ ಹೋಗ್ಲಿಲ್ಲ ಅಲ್ವೇನ್ರೀ?”

ಇಲ್ಲ ಕಣೇ ಅಂದೆ. ಡಾಕ್ಟರು ಎರಡು ವರ್ಷದ ಹಿಂದೆಯೇ ಅದನ್ನು ನನಗೆ ಹೇಳಿದ್ದರು. ಅವಳು ನಂಬುವುದಿಲ್ಲವೇನೋ ಅಂತ ಹೆದರಿ ನಾನು ಹೇಳಿರಲಿಲ್ಲ. ನಾನು ಹೌದು ಅಂದುಬಿಟ್ಟರೆ ಅಂತ ಹೆದರಿ ಅವಳು ಕೇಳಿರಲಿಲ್ಲ.