ನಡುವಿನ ವರ್ಷಕ್ಕೆ ಸೊನ್ನೆ

ನಮ್ಮ ಸ್ಟಾಟಿಸ್ಟಿಕ್ಸ್ ಮೇಷ್ಟ್ರ ಎಡಗೈ ಹೆಬ್ಬೆರಳಿನ ಉಗುರೊಂದೇ ಉದ್ದ. ಉಳಿದ ಒಂಬತ್ತನ್ನೂ ಬುಡಕ್ಕೇ ಕತ್ತರಿಸುತ್ತಿದ್ದರು. ಅಂಕಿಗಳ ಕೆಳಗೆ ಆ ಉಗುರನ್ನು ಊರಿಕೊಂಡು ಇಳಿದರೆ ಒಂದು ಸಾಲೂ ತಪ್ಪುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಕೊಳ್ಳೇಗಾಲದ ಕಾಲೇಜಿನಲ್ಲಿ ನಮಗೆ ಪಾಠ ಹೇಳುವಾಗಲೂ ಹಾಗೇ, ನಿವೃತ್ತರಾಗಿ ಯಳಂದೂರು ಸೇರಿದ ಮೇಲೂ ಹಾಗೇ.

ಅವರಷ್ಟು ಅನುಮಾನದ ಮನುಷ್ಯನನ್ನು ನಾನು ಕಂಡಿಲ್ಲ. ಬಸ್ ಸ್ಟ್ಯಾಂಡಿನ ಗಡಿಯಾರ ನೋಡಿ, ಆಮೇಲೆ ಕೈಗಡಿಯಾರ ನೋಡಿ, ಎರಡೂ ಹೊಂದಿದರೂ ಪಕ್ಕದವರನ್ನು ಟೈಮ್ ಕೇಳುತ್ತಿದ್ದರು. ಕ್ಲಾಸ್ ಟೆಸ್ಟಿನಲ್ಲಿ ಸರಿಯುತ್ತರಕ್ಕೆ ಅರ್ಧ ಮಾರ್ಕು ಮಾತ್ರ. ಉಳಿದರ್ಧ ಬೇಕಾದರೆ ಅದೇ ಉತ್ತರವನ್ನು ಬೇರೆ ರೀತಿಯಲ್ಲಿ ತೆಗೆದು ತೋರಿಸಬೇಕು. "ಎಲ್ಡ್ ದಾರೀಲೂ ಒಂದೇ ಉತ್ತರ ಬಂದ್ರೆ ನಂಬಿ. ಅಲ್ಲೀಗಂಟ ನನ್ನೂ ನಂಬಬ್ಯಾಡಿ," ಅನ್ನುತ್ತಿದ್ದರು. ನಮಗೋ ಮೈಯೆಲ್ಲ ಉರಿಯುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಕೊಳ್ಳೇಗಾಲದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೆ. ರಾಮಾಪುರದ ಬಾವಿಗಳಲ್ಲಿ ನೀರು ಎಷ್ಟು ಕೆಳಗಿದೆ ಎಂದು ಹದಿನೈದು ವರ್ಷ ಹಗ್ಗ ಬಿಟ್ಟು ಅಳೆದ ಲೆಕ್ಕ ನಮ್ಮಲ್ಲಿತ್ತು. ಅದನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟಿಗೆ ತುಂಬಿ, ರಿಗ್ರೆಶನ್ ಮಾಡಿ, ಅಂದರೆ ಆ ಅಂಕಿಗಳಿಗೆ ಹೊಂದುವ ಬಾಗುಗೆರೆಯೊಂದನ್ನು ಹುಡುಕಿ, ಮುಂದೇನಾಗುತ್ತದೆಂದು ಹೇಳುವುದು ನನ್ನ ಕೆಲಸ. ಕ್ಷಣದಲ್ಲಿ ಉತ್ತರ ಬಂತು. ನೀರು ಇನ್ನು ತಾನಾಗಿ ಮೇಲೇರುತ್ತದಂತೆ! ಸಾಹೇಬರಿಗೆ ಖುಷಿಯೋ ಖುಷಿ. ಹಾಗಾದರೆ ರಾಮಾಪುರದಲ್ಲಿ ನೀರು ಇಂಗಿಸಲು ಕಟ್ಟಬೇಕೆಂದಿದ್ದ ಚೆಕ್ ಡ್ಯಾಮನ್ನು ಪಟ್ಟಿಯಿಂದ ತೆಗೆಯಬಹುದು, ಸೋಮವಾರ ವರದಿ ಕೊಡಿ ಎಂದರು.

ಭಾನುವಾರ ಬೆಳಿಗ್ಗೆ ಜಂಬ ಕೊಚ್ಚಿಕೊಳ್ಳಲು ಕಾಗದ ಹಿಡಿದು ಮೇಷ್ಟ್ರ ಮನೆಗೆ ಹೋದೆ. ಉಗುರು ಮೊದಲ ಕಾಲಮ್ಮಿನಲ್ಲೇ ನಿಂತುಬಿಟ್ಟಿತು.

"ಇಸ್ವಿನ ಇಂಗೇ ತುಂಬ್ದಾ? ಸಾವಿರದ ಒಂಬೈನೂರ ಎಂಬತ್ತಾರು, ಎಂಬತ್ತೇಳು ಅಂತವ?"

"ಊಂ ಸಾ. ಕಂಪ್ಯೂಟರ್ ಅಲ್ವಾ, ಎಷ್ಟು ದೊಡ್ಡ ಸಂಖ್ಯೆ ಆದ್ರೂ ತಡ್ಕತದೆ."

"ಯಾರಂದೋರು ನಿಂಗೆ? ಅದ್ನ ಅದ್ರಿಂದ್ಲೇ ಗುಣ್ಸಿ ವರ್ಗ ಬೇರೆ ಮಾಡ್ಸಿದ್ದೀಯ. ಎಲ್ಲಾ ನಲವತ್ ಲಕ್ಷದ ಅತ್ರತ್ರ. ಮಿಷನ್ ಇಡ್ಕಳಾದು ಇಷ್ಟೇ ಅಂಕಿ ಅಂತಿರ್ತದೆ, ಒಂದ್ರಲ್ಲೊಂದ ಕಳೆಯುವಾಗ ಕೊನೇ ಅಂಕಿಗಳು ಉದುರೋಗ್ಬುಟ್ರೆ? ನಿನ್ ಉತ್ತರ ಇರಾದೇ ಅಲ್ಲಿ ಕಣವ್ವ."

ಕೈಲೆಕ್ಕದ ಕಾಲದವರಿಗೆ ಒಂದು ಪದ್ಧತಿಯಿತ್ತು. ನಡುವಿನ ವರ್ಷಕ್ಕೆ ಸೊನ್ನೆ ಕೊಡುವುದು, ಹಿಂದಿನ ವರ್ಷಗಳಿಗೆ ಮೈನಸ್ ಒಂದು, ಮೈನಸ್ ಎರಡು, ಮುಂದಿನವಕ್ಕೆ ಒಂದು, ಎರಡು. ಸಂಖ್ಯೆಗಳು ಚಿಕ್ಕವಾಗುತ್ತವೆ, ಗೆರೆ ಮಾತ್ರ ಅದೇ ಇರಬೇಕು. ಇದನ್ನು ಅವರೇ ನನಗೆ ಕಲಿಸಿದ್ದರು. ಯಂತ್ರ ಬಂದಮೇಲೆ ಇದೆಲ್ಲ ಯಾಕೆ ಎಂದು ನಾನೇ ಬಿಟ್ಟಿದ್ದೆ.

ಜಗಲಿಯ ಮೇಲೆ ಕೂತು ಊಟದ ಹೊತ್ತಿಗೆ ಲೆಕ್ಕ ಮುಗಿಸಿದೆವು. ಗೆರೆ ಮೇಲೇರಲಿಲ್ಲ, ಇಳಿಯುತ್ತಲೇ ಹೋಯಿತು. ಒಂದು ಊರಿನ ನೀರನ್ನು ನಾನು ಹಾಗೆ ಸಲೀಸಾಗಿ ಕಳೆದುಬಿಡುತ್ತಿದ್ದೆ.

"ಇದ್ನೇ ಮಿಷನ್ನಿಗೂ ತುಂಬಿ ನೋಡು. ನಾನೂ ತಪ್ಪಿರ್ಬೌದು," ಎಂದರು.

ಸೋಮವಾರ ಹಾಗೇ ಮಾಡಿದೆ. ಅದೇ ಯಂತ್ರ, ಅವೇ ಬಾವಿಗಳು. ಈ ಸಲ ಮೇಷ್ಟ್ರ ಉತ್ತರವೇ ಬಂತು. ಸಾಹೇಬರು ಗೊಣಗಿಕೊಂಡು ಸಹಿ ಹಾಕಿದರು, ರಾಮಾಪುರ ಪಟ್ಟಿಯಲ್ಲಿ ಉಳಿಯಿತು. ಯಳಂದೂರಿಗೆ ಓಡಿಹೋಗಿ ಹೇಳಿದರೆ ಮೇಷ್ಟ್ರು ನಗಲೂ ಇಲ್ಲ.

"ಬಾವಿಗೆ ಓಗಿ ಅಗ್ಗ ಬುಟ್ಟು ನೋಡ್ದಾ?"

ಬೈದುಕೊಳ್ಳುತ್ತಲೇ ಹನೂರಿನ ಮೇಲೆ ರಾಮಾಪುರಕ್ಕೆ ಬಸ್ಸು ಹತ್ತಿದೆ. ಹಗ್ಗ ಸಾಲದೆ ಇನ್ನೊಂದನ್ನು ಕಟ್ಟಬೇಕಾಯಿತು.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಕಾಲೇಜಿನ ಗೆಳತಿ ಫೋನ್ ಮಾಡಿ, ಮೇಷ್ಟ್ರು ಹೋಗಿಬಿಟ್ಟರು ಎಂದಳು. ಯಾರು ಹೇಳಿದ್ದು ನಿನಗೆ, ನೀನು ನೋಡಿದೆಯಾ ಎಂದು ಅವಳ ಮೇಲೆ ಜಗಳಕ್ಕೇ ಹೋದೆ. ಫೋನಿಟ್ಟು ಅವರ ಮನೆಯ ನಂಬರಿಗೆ ಮಾಡಿದೆ. ಯಾವಾಗಲೂ ಮೇಷ್ಟ್ರೇ ಎತ್ತಿ "ಯಾರು, ಸರಿಯಾಗಿ ಏಳಿ" ಅನ್ನುತ್ತಿದ್ದ ಫೋನು. ಅವತ್ತು ಅವರ ಮಗಳು ಎತ್ತಿದಳು.

ಎರಡು ದಾರಿಯಲ್ಲೂ ಒಂದೇ ಉತ್ತರ ಬಂತು. ನಂಬಲೇಬೇಕಾಯಿತು.