ಬಟ್ಟಲು ಹಿಡಿಯುವ ಕೆಲಸ

ಕಳೆದ ಭಾನುವಾರ ನೆಲಮಂಗಲದ ನಮ್ಮ ಮನೆಯಂಗಳದಲ್ಲಿ ಕೂತು, ನನ್ನ ಹಳೇ ಬೈಕಿನ ಪೆಟ್ರೋಲ್ ಫಿಲ್ಟರ್ ಬಿಚ್ಚಿ ಸ್ಟೀಲ್ ಬಟ್ಟಲಿಗೆ ಹಾಕಿದೆ. ಮೇಲೆ ಒಂದಿಷ್ಟು ಪೆಟ್ರೋಲ್ ಸುರಿದದ್ದೇ ತಡ, ಆ ಘಾಟು ಮೂಗಿಗೇರಿತು. ಕಾಂಪೌಂಡಿನಾಚೆ ನಿಂತು ನೋಡುತ್ತಿದ್ದ ಪಕ್ಕದ ಮನೆ ಯಜಮಾನರು, "ಯಾಕಮ್ಮಾ, ಮನೇಲಿ ಗಂಡಸ್ರಿಲ್ವಾ?" ಅಂದರು. ನನ್ನ ಮನಸ್ಸು ಆಗಲೇ ನಾನು ಹುಟ್ಟಿ ಬೆಳೆದ ದೊಡ್ಡಬಳ್ಳಾಪುರಕ್ಕೆ ಹೋಗಿಬಿಟ್ಟಿತ್ತು... ಎದುರುಮನೆ ಅಕ್ಕನ ಅಂಗಳಕ್ಕೆ.

ನಮ್ಮದು ಹಗಲೆಲ್ಲ ಮಗ್ಗಗಳು ಲಟಲಟ ಅನ್ನುತ್ತಿದ್ದ ಬೀದಿ. ಅಕ್ಕನ ಗಂಡ ಸುತ್ತಲಿನ ಹಳ್ಳಿಗಳ ಮಗ್ಗದ ಮನೆಗಳಿಗೆ ಬೈಕಿನಲ್ಲಿ ನೂಲು ಮುಟ್ಟಿಸಿ, ನೇಯ್ದ ಸೀರೆಗಳನ್ನು ತರುತ್ತಿದ್ದರು. ಬಿಡುವಾದ ದಿನ ಅವರು ಫಿಲ್ಟರ್ ತೊಳೆಯುತ್ತಿದ್ದರು. ಅಕ್ಕ ಎದುರಿಗೆ ಕುಕ್ಕರಗಾಲಲ್ಲಿ ಕೂತು ಪೆಟ್ರೋಲ್ ಬಟ್ಟಲು ಹಿಡಿದುಕೊಳ್ಳುತ್ತಿದ್ದರು. ಕೆರೆ ಏರಿ ಮೇಲೆ ಹೆಂಡತಿಗೆ ಬೈಕು ಕಲಿಸಿದ ಪುಣ್ಯಾತ್ಮ ಅವರು. ಆದರೂ ಬಟ್ಟಲು ಹಿಡಿಯುವ ಕೆಲಸ ಮಾತ್ರ ಅಕ್ಕನದೇ.

ನಾನು ಕಾಲೇಜಿಗೆ ಸೇರಿದ ವರ್ಷ ಅಕ್ಕನ ಗಂಡ ಎದೆನೋವಿನಿಂದ ಹೋಗಿಬಿಟ್ಟರು. ಕರ್ಮಾಂತರಗಳೆಲ್ಲ ಮುಗಿದ ಮೇಲೆ ಅಕ್ಕ ಒಂದು ಬೆಳಗ್ಗೆ ನೂಲಿನ ಗಂಟು ಹಿಂದಕ್ಕೆ ಕಟ್ಟಿ, ಸೆರಗು ಸಿಕ್ಕಿಸಿ, ಬೈಕು ಏರಿ ಹೊರಟರು. ಊರ ಬಾಯಿಗೆ ಬೀಗ ಹಾಕಲಾದೀತೇ? ಗಂಡುಬೀರಿ ಅಂದರು. ನಮ್ಮಮ್ಮನೂ ಅಂದಳು. ನನಗೋ, ಆ ಮಾತು ಬೈಗುಳದ ಹಾಗೆ ಕೇಳಲೇ ಇಲ್ಲ.

ಅಕ್ಕನಿಗೊಬ್ಬ ಮೈದುನ. ಪಕ್ಕದ ಬೀದಿಯಲ್ಲಿದ್ದ. "ಅತ್ತಿಗೆ, ಒಂದು ರೌಂಡು" ಅಂತ ಗಾಡಿ ಒಯ್ದವನು ಟ್ಯಾಂಕು ರಿಸರ್ವಿಗೆ ಬಂದು, ಅದೂ ಬತ್ತುವವರೆಗೆ ಓಡಿಸಿ ತಂದು ನಿಲ್ಲಿಸುತ್ತಿದ್ದ. ಟ್ಯಾಂಕಿನ ತಳದ ತುಕ್ಕು, ಕೆಸರೆಲ್ಲ ಆಗಲೇ ಫಿಲ್ಟರಿಗೆ ಇಳಿಯುವುದು. ಮಾರನೇ ದಿನ ಅಕ್ಕ ಹೊರಟರೆ ರಾಜಘಟ್ಟದ ದಾರಿಯಲ್ಲಿ ಗಾಡಿ ಮುಕ್ಕರಿಸಿ ನಿಲ್ಲುವುದು. ಎರಡು ಸಲ ಹೀಗಾದ ಮೇಲೆ ಅದೇ ಮೈದುನ, ಹೆಂಗಸಿನ ಕೈಗೆ ಹೋಗಿ ಗಾಡಿ ಕೆಟ್ಟಿತು ಅಂತ ಮನೆಯ ಹಿರಿಯರಿಗೆ ಚಾಡಿ ಹೇಳಿದ. ಹಿರಿಯರೂ ತಲೆಯಾಡಿಸಿದರು. ಗಾಡಿ ಅವನಿಗೆ ಅಂತ ತೀರ್ಮಾನವಾಯಿತು. ಗಾಡಿ ಹೋದರೆ ಅಕ್ಕನ ಅನ್ನವೂ ಹೋಗುತ್ತದೆ ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಇಷ್ಟು ವರ್ಷವಾದರೂ ನೆನೆದರೆ ಮೈಯುರಿಯುತ್ತದೆ.

ಅವನು ಗಾಡಿ ಒಯ್ಯಲು ಬಂದಾಗ ಅಕ್ಕ ಅಂಗಳದಲ್ಲೇ ಇದ್ದರು. ಪೆಟ್ರೋಲ್ ಬಂದ್ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದನ್ನೂ ಬಸಿದು, ಟ್ಯಾಂಕಿನ ಕೆಳಗಿನ ಪುಟ್ಟ ಫಿಲ್ಟರ್ ಕಪ್ ಬಿಚ್ಚಿ, ಒಳಗಿನ ಜಾಲರಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಬಟ್ಟಲಿನ ಪೆಟ್ರೋಲಿನಲ್ಲಿ ಮೆಲ್ಲಗೆ ತೊಳೆಯುತ್ತಿದ್ದರು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಮಗ್ಗ ನಿಲ್ಲಿಸಿ ಇನ್ನೂ ನಾಲ್ಕಾರು ಜನ ಹೊರಗೆ ಬಂದಿದ್ದರು.

"ಕೀ ಕೊಡಿ ಅತ್ತಿಗೆ."

"ಗಾಡಿಲೇ ಐತೆ."

ಅವನು ಹತ್ತಿ ಕೂತು ಕಿಕ್ ಹೊಡೆದ. ಹೊಡೆದೇ ಹೊಡೆದ. ಫಿಲ್ಟರ್ ಅಕ್ಕನ ಕೈಯಲ್ಲಿದ್ದರೆ ಗಾಡಿ ಎಲ್ಲಿ ಹಿಡಿದೀತು? ಅಕ್ಕ ತಲೆ ಎತ್ತಲಿಲ್ಲ. ಜಾಲರಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಮತ್ತೆ ತೊಳೆದರು. ಇನ್ನೊಮ್ಮೆ ನೋಡಿದರು... ಅವನು ಬೆವರಿ ಕೆಳಗಿಳಿದ ಮೇಲೆ ಎದ್ದು ಬಂದು ಬಟ್ಟಲನ್ನು ಅವನ ಕೈಗಿಟ್ಟರು. ತಳದಲ್ಲಿ ಕೆಂಪು ಕೆಸರು ಕೂತಿತ್ತು.

"ನೀನು ರಿಸರ್ವಲ್ಲಿ ಓಡಿಸಿದ್ದು, ಎಲ್ಲಾ ಇದರಲ್ಲೈತೆ. ಇಷ್ಟು ವರ್ಷ ಈ ಬಟ್ಲು ನಾನು ಹಿಡ್ಕೊಂಡಿದ್ದೆ. ಇವತ್ತು ನೀನು ಹಿಡ್ಕೋಪ್ಪಾ."

ಅವನು ಹಿಡಿದುಕೊಂಡ. ಬೇರೆ ಏನು ಮಾಡಲೂ ಅವನಿಗೆ ತೋಚಲಿಲ್ಲ. ಅಕ್ಕ ಜಾಲರಿ ಕೂರಿಸಿ, ಕಪ್ ತಿರುಗಿಸಿ ಬಿಗಿ ಮಾಡಿ, ಪೆಟ್ರೋಲ್ ಬಿಟ್ಟು, ಒಂದೇ ಕಿಕ್ಕಿಗೆ ಗಾಡಿ ಎಬ್ಬಿಸಿ ನೂಲಿನ ಗಂಟಿನೊಂದಿಗೆ ಹೊರಟೇಹೋದರು. ಅವನು ಬಟ್ಟಲು ಹಿಡಿದು ಅಂಗಳದಲ್ಲಿ ನಿಂತಿದ್ದ. ಯಾರೋ ಕಿಸಕ್ಕನೆ ನಕ್ಕರು. ಬಹುಶಃ ನಾನೇ.

ಅವನು ಮತ್ತೆ ಗಾಡಿ ಕೇಳಲಿಲ್ಲ, ಹಿರಿಯರೂ ಆ ಮಾತೆತ್ತಲಿಲ್ಲ. ಅದೇ ಕೆರೆ ಏರಿ ಮೇಲೆ ಅಕ್ಕ ನನಗೂ ಬೈಕು ಕಲಿಸಿದರು. ಫಿಲ್ಟರ್ ತೊಳೆಯುವುದನ್ನು ಕಲಿಸಿದ ಮೇಲೆಯೇ ಓಡಿಸಲು ಕೊಟ್ಟದ್ದು.

ಹೋದ ವರ್ಷ ಅಕ್ಕ ತೀರಿಕೊಂಡರು. ತಿಥಿಗೆ ಹೋದಾಗ ಅಂಗಳ ಖಾಲಿಯಿತ್ತು. ಗಾಡಿ ಅಷ್ಟರಲ್ಲೇ ಗುಜರಿ ಸೇರಿತ್ತು. ಒಂದು ಮಾತು ಹೇಳಿದ್ದರೆ ತಳ್ಳಿಕೊಂಡಾದರೂ ತರುತ್ತಿದ್ದೆ. ಯಾರೂ ಹೇಳಲಿಲ್ಲ. ಆ ದಿನ ಅಕ್ಕನಿಗಾಗಿ ಅತ್ತೆನೋ ಗಾಡಿಗಾಗಿ ಅತ್ತೆನೋ, ನನಗೇ ಗೊತ್ತಿಲ್ಲ...

ಪಕ್ಕದ ಮನೆಯವರು ಇನ್ನೂ ಕಾಂಪೌಂಡಿನಾಚೆಯೇ ಇದ್ದರು. ಪ್ರಶ್ನೆಗೆ ಉತ್ತರ ಬೇಕಿತ್ತಲ್ಲ. ಬಟ್ಟಲು ಎತ್ತಿಕೊಂಡು ಅವರ ಹತ್ತಿರ ಹೋದೆ.

"ಗಂಡಸ್ರು ಇದಾರಲ್ಲ ಸಾರ್, ನೀವು. ಇದನ್ನ ಸ್ವಲ್ಪ ಹಿಡ್ಕೊಳಿ."

ಹಿಡಿದುಕೊಂಡರು. ಜಾಲರಿ ಕೂರಿಸಿ ಕಿಕ್ ಹೊಡೆದೆ. ಮೊದಲನೆಯದಕ್ಕೆ ಗಾಡಿ ಹಿಡಿಯಲಿಲ್ಲ, ಅಕ್ಕನ ಕೈ ನನ್ನದಲ್ಲವಲ್ಲ. ಎರಡನೆಯದಕ್ಕೆ ಹಿಡಿಯಿತು. ಇದನ್ನು ಹೇಳಿಕೊಂಡು ನಗಲು ಅಕ್ಕನಿರಬೇಕಿತ್ತು ಅಂದುಕೊಳ್ಳುತ್ತಲೇ, ಬಟ್ಟಲನ್ನು ಅವರ ಕೈಯಲ್ಲೇ ಬಿಟ್ಟು ಗೇಟು ದಾಟಿದೆ.